ನಂಬರ್ ಹದಿನೇಳರ ಊರು

ಅವ್ವ ಆ ಮಾತು ಹೇಳಿದಾಗ ನನ್ನ ಬಾಯಲ್ಲಿ ಸಜ್ಜೆ ರೊಟ್ಟಿಯ ತುಂಡು ಇತ್ತು. ಅದು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಎಳ್ಳಮಾವಾಸ್ಯೆಯ ದಿನ ಅದು. ಚಪಳಗಾಂವದ ನಮ್ಮ ಹೊಲದಲ್ಲಿ ಪೂಜೆ ಮುಗಿಸಿ, ಪೈರಿಗೆಲ್ಲ ಚರಗವೆಂದು ಎಡೆ ಚೆಲ್ಲಿ ಬಂದು, ಬೇವಿನ ಗಿಡದ ಕೆಳಗೆ ಊಟಕ್ಕೆ ಕುಳಿತಿದ್ದೆವು. ಅವ್ವ, ಅಣ್ಣ, ವೈನಿ, ಅವರ ಮಕ್ಕಳು, ನಾನು. ಈ ಸಲ ನನ್ನ ಪಿಎಚ್.ಡಿ. ವಿದ್ಯಾರ್ಥಿನಿಯೂ ಬಂದಿದ್ದಳು. ವಿದ್ಯಾರ್ಥಿನಿ ಎಂದರೆ ಚಿಕ್ಕ ಹುಡುಗಿಯಲ್ಲ, ಮೂವತ್ತಾರು ದಾಟಿದ ಹೆಂಗಸು. ಮಂದ್ರೂಪದ ಜೂನಿಯರ್ ಕಾಲೇಜಿನಲ್ಲಿ ಬಯಾಲಜಿ ಕಲಿಸುತ್ತಾಳೆ, ಎರಡು ಮಕ್ಕಳ ತಾಯಿ. ಬೆಳಿಗ್ಗೆ ಪಾಠ ಮುಗಿಸಿ, ಮಧ್ಯಾಹ್ನದ ಎಸ್.ಟಿ. ಬಸ್ಸು ಹಿಡಿದು ಸೊಲ್ಲಾಪುರಕ್ಕೆ ಬಂದು, ನಾನು ಕಲಿಸುವ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡಿ ಸಂಜೆ ತಿರುಗಿ ಹೋಗುವುದು ಅವಳ ಆರು ವರ್ಷದ ಪಾಡು. ಅವಳ ಪ್ರಬಂಧ ಬರೆದು ಮುಗಿದಿತ್ತು. ತಿಂಗಳೊಪ್ಪತ್ತಿನಲ್ಲಿ ಯೂನಿವರ್ಸಿಟಿಗೆ ಸಲ್ಲಿಸುವುದೊಂದೇ ಬಾಕಿ. ಆ ಪ್ರಬಂಧವೆಲ್ಲ ನಿಂತದ್ದು ನನ್ನ ಅವ್ವನ ಅಂಬಲಿಯ ಮೇಲೆ. ಅದನ್ನು ಮಾಡಿದ ಕೈಯನ್ನೊಮ್ಮೆ ನೋಡಬೇಕೆಂದು ಅವಳಾಗಿ ಕೇಳಿಕೊಂಡು ಬಂದಿದ್ದಳು.

ಒಂದು ಲೋಟ ಅಂಬಲಿ ಕುಡಿದು ಕಣ್ಣು ಕಿರಿದು ಮಾಡಿದಳು. "ಎಷ್ಟ್ ಹುಳಿ ಬಂದದ್ರಿ ಆಯಿ. ಭಾರಿ ಅದ."

ಅವ್ವ ಹಿಗ್ಗಿದಳು. "ಇದು ದಿನದ್ದ ಅಂಬಲಿ ನೋಡವ್ವ. ನಿಮ್ಮ ಕಾಲೇಜಿಗಿ ಕೊಟ್ಟಿದ್ದು ಹಿಂಗ ಹುಳಿ ಇದ್ದಿಲ್ಲ. ಅದು ದಪ್ಪಗ, ಬೆಳ್ಳಗ, ಚಲೋ ಆಗಿತ್ತು. ಅಕ್ಕಲಕೋಟದಿಂದ ಪಾಕೀಟ್ ಮೊಸರು ತರಿಸಿ ಹಾಕಿದ್ದೆ."

"ಪಾಕೀಟ್ ಮೊಸರು ಯಾಕ ಹಾಕ್ದಿ?" ಎಂದೆ ನಾನು.

"ಮತ್ತ ಆ ವಾರ ಮನ್ಯಾಗಿನ ಮೊಸರು ಲೋಳಿ ಲೋಳಿ ಆಗಿತ್ತು. ಅಂಥಾದ್ದು ಹಾಕಿ ಕಳಿಸಿದ್ರ ನಿನ್ನ ಮರ್ಯಾದಿ ಏನ್ ಉಳೀತಿತ್ತು? ಅಲ್ಲಿ ದೊಡ್ಡ ದೊಡ್ಡ ಮಂದಿ ನೋಡ್ತಾರಂತ."

ಹೇಳಿ ಅವಳು ಭಜ್ಜಿ ಬಡಿಸಲು ಮೊಮ್ಮಕ್ಕಳ ಕಡೆ ಹೋದಳು. ನಾನು ವಿದ್ಯಾರ್ಥಿನಿಯ ಮುಖ ನೋಡಿದೆ. ಅವಳು ಲೋಟದ ತಳದಲ್ಲಿ ಉಳಿದ ಜೋಳದ ನುಚ್ಚನ್ನು ಬೆರಳಿನಿಂದ ತೆಗೆಯುತ್ತಿದ್ದಳು. ಆಮೇಲೆ ವೈನಿಯನ್ನು ಕೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ಇವಳಿಗೆ ಕೇಳಿಸಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬೇಕಾದ್ದನ್ನು ನಂಬಿಕೊಳ್ಳುವುದರಲ್ಲಿ ನಾನು ಚೆನ್ನಾಗಿ ಪಳಗಿದವಳು.

ಒಂದು ಪಾಕೀಟು ಮೊಸರಿಗೆ ಇಷ್ಟು ಗಾಬರಿ ಯಾಕೆ ಅಂದರೆ, ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ಬ್ಯಾಕ್ಟೀರಿಯಾಗಳ ಜೊತೆ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳು. ಮೊದಮೊದಲು ಚರಂಡಿಯ ನೀರು, ಕಸದ ಗುಂಡಿಯ ಮಣ್ಣು ಬಾಟಲಿಗಳಲ್ಲಿ ತುಂಬಿಕೊಂಡು ಬರುತ್ತಿದ್ದೆ. ಚಾದರ, ಟವೆಲ್ಲುಗಳಿಗೆ ಬಣ್ಣ ಹಾಕಿ ಬಿಟ್ಟ ನೀರಿನಲ್ಲಿ ಆ ಬಣ್ಣವನ್ನು ತಿನ್ನುವ ಬ್ಯಾಕ್ಟೀರಿಯಾ ಹುಡುಕುವುದೇ ಆಗ ನನ್ನ ಹುಚ್ಚು. ನನ್ನ ಕೈಚೀಲದಲ್ಲಿ ಟಿಫಿನ್ ಡಬ್ಬಿಯ ಪಕ್ಕ ಗಟಾರದ ನೀರು ಇರುತ್ತಿತ್ತು. ಹೋಟಗಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ ಮಾಡುವ ನನ್ನ ಗಂಡ, ಮದುವೆಯಾದ ವರ್ಷವೇ ನನಗೆ ‘ಜಂತುಬಾಯಿ’ ಎಂದು ಹೆಸರಿಟ್ಟ. ಹೆಸರು ಉಳಿದುಬಿಟ್ಟಿತು.

ಗಟಾರದಿಂದ ಅಡುಗೆಮನೆಗೆ ಬಂದದ್ದು ಆಮೇಲೆ. ಅಷ್ಟರಲ್ಲಿ ನನ್ನ ಸ್ವಭಾವ ಪೂರ್ತಿ ಕೆಟ್ಟಿತ್ತು. ಯಾರ ಮನೆಗೆ ಹೋದರೂ ನೀರಿನ ಲೋಟ ಮೂಸುವುದು, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವುದು, ಬಾಗಿಲ ಕೀಲಿ ಮೂರು ಸಲ ಎಳೆದು ನೋಡುವುದು. ಚಪಳಗಾಂವಕ್ಕೆ ಹೋದರಂತೂ ಅವ್ವನ ಬೆನ್ನು ಹತ್ತುತ್ತಿದ್ದೆ. ನೀರು ಕಾಸಿ ಆರಿಸು, ಗಡಿಗೆ ಸೋಪು ಹಾಕಿ ತಿಕ್ಕು, ಬಿಸಿಲಿಗೆ ಬೋರಲು ಹಾಕು, ಆ ಅರಿವೆಯಿಂದ ಮುಚ್ಚಬೇಡ. ಅವಳು "ಹೂಂ" ಅನ್ನುತ್ತಿದ್ದಳು. ನಾನು ಗಡಿಗೆಯನ್ನು ಎತ್ತಿ ಮೂಸಿ ನೋಡುತ್ತಿದ್ದೆ.

ಏಳು ವರ್ಷದ ಹಿಂದೆ ಊರ ಕಡೆಯ ಹುಳಿ ಪದಾರ್ಥಗಳಲ್ಲಿ ಯಾವ ಬ್ಯಾಕ್ಟೀರಿಯಾ ಇವೆ ನೋಡೋಣ ಎಂದು ಕೆಲಸ ಶುರು ಮಾಡಿದೆ. ಅವ್ವನಿಗೆ ಫೋನ್ ಮಾಡಿ, ಒಂದು ಡಬ್ಬಿ ಅಂಬಲಿ ಕಳಿಸು, ಕಾಲೇಜಿನಲ್ಲಿ ಪರೀಕ್ಷೆ ಮಾಡುವುದಿದೆ ಎಂದೆ. ಎರಡು ದಿನ ಬಿಟ್ಟು ಅಣ್ಣ ಬಸ್ಸಿನಲ್ಲಿ ಸ್ಟೀಲ್ ಡಬ್ಬಿ ತಂದುಕೊಟ್ಟ. ಅದರಿಂದ ಬೆಳೆಸಿದ ಬ್ಯಾಕ್ಟೀರಿಯಾಗಳಿಗೆ ಒಂದರಿಂದ ನಂಬರ್ ಹಾಕುತ್ತ ಹೋದೆ. ಹದಿನೇಳನೆಯದರ ಪ್ಲೇಟಿನಲ್ಲಿ, ನನ್ನದೇ ಅಜಾಗರೂಕತೆಯಿಂದ, ಒಂದು ಕಡೆ ಬೂಷ್ಟು ಬಿದ್ದಿತ್ತು. ಎಸೆಯಲು ಕೈಯೆತ್ತಿದವಳು ನಿಂತೆ. ಬೂಷ್ಟು ಪ್ಲೇಟಿನ ತುಂಬ ಹಬ್ಬಿತ್ತು, ಆದರೆ ಹದಿನೇಳನೆಯದನ್ನು ಗೀರಿ ಬೆಳೆಸಿದ ಗೆರೆಯ ಹತ್ತಿರ ಬಂದು ತಡೆದು ನಿಂತಿತ್ತು. ನಡುವೆ ಬೆರಳಗಲ ಸ್ವಚ್ಛ ಜಾಗ.

ನಮ್ಮ ಕಡೆ ಬೂಷ್ಟು ಎಂದರೆ ಸಣ್ಣ ವೈರಿಯಲ್ಲ. ಮಳೆಗಾಲದ ಶೇಂಗಾ, ಶೇಂಗಾ ಚಟ್ನಿ, ಕಟಕ ರೊಟ್ಟಿ, ಎಲ್ಲಕ್ಕೂ ಅದರದೇ ಕಾಟ. ಅದನ್ನು ತಡೆಯುವ ಜೀವ ನನ್ನವ್ವನ ಗಡಿಗೆಯಲ್ಲಿ ಸಿಕ್ಕಿತು ಎಂದರೆ ಹೇಗಾಗಿರಬೇಡ? ಅವತ್ತು ನೋಟ್‌ಬುಕ್ಕಿನಲ್ಲಿ ಬರೆದೆ: ‘ಮೂಲ: ಚಪಳಗಾಂವ. ಜೋಳದ ಹಿಟ್ಟು, ಮನೆಯ ಮಜ್ಜಿಗೆ, ಮಣ್ಣಿನ ಗಡಿಗೆ. ಪರಂಪರಾಗತ ವಿಧಾನ.’

ಇದರಲ್ಲಿ ನಾನು ಕಣ್ಣಾರೆ ಕಂಡದ್ದು ಸ್ಟೀಲ್ ಡಬ್ಬಿ ಒಂದೇ. ಉಳಿದದ್ದೆಲ್ಲ ನನ್ನ ಬಾಲ್ಯ. ಸಂಜೆ ನನ್ನ ಅಜ್ಜಿ ಒಲೆಯ ಪಕ್ಕ ಹಿಟ್ಟು ಕಲಸುತ್ತಿದ್ದುದು, ಮಜ್ಜಿಗೆ ಹೊಯ್ಯುತ್ತಿದ್ದುದು, ಗಡಿಗೆಯ ಬಾಯಿಗೆ ಅರಿವೆ ಕಟ್ಟುತ್ತಿದ್ದುದು. ಅದನ್ನೇ ಆ ದಿನದ ಸಂಗತಿ ಎಂದು ಬರೆದುಬಿಟ್ಟಿದ್ದೆ. ಎಂ.ಎಸ್ಸಿ. ಮಕ್ಕಳಿಗೆ ಪ್ರತಿವರ್ಷ ಮೊದಲ ದಿನ ನಾನು ಹೇಳುವ ಮಾತು, ನೋಡದ್ದನ್ನು ಬರೆಯಬೇಡಿ ಅಂತ.

ಆಮೇಲೆ ಮೂರು ಸಲ ಮನೆಯ ಅಂಬಲಿ ತರಿಸಿ ಹುಡುಕಿದೆ. ಹದಿನೇಳು ಮತ್ತೆ ಸಿಗಲಿಲ್ಲ. ಬೇಸಿಗೆ ಜಾಸ್ತಿ ಇತ್ತು, ಎಮ್ಮೆ ಬದಲಾಯಿತು, ಹಿಟ್ಟು ಗಿರಣಿಯದು, ಹೀಗೆ ಕಾರಣಗಳನ್ನು ಹೊಲಿದು ಹೊಲಿದು ತೊಡಿಸಿದೆ. ಆದರೂ ಎದೆಯಲ್ಲಿ ಒಂದು ಮುಳ್ಳು ಇದ್ದೇ ಇತ್ತು. ಅದೇ ಹದಿನೇಳನ್ನು ಹಿಡಿದುಕೊಂಡು ಮಂದ್ರೂಪದ ಈ ಹೆಂಗಸು ಪಿಎಚ್.ಡಿ.ಗೆ ಹೆಸರು ಹಚ್ಚಿದಾಗ ನಾನು ಮುಳ್ಳಿನ ಮಾತು ಎತ್ತಲಿಲ್ಲ. ಅವಳ ಪ್ರಬಂಧದ ಹೆಸರಿನಲ್ಲೇ ‘ಚಪಳಗಾಂವದ ಪರಂಪರಾಗತ ಅಂಬಲಿ’ ಎಂದು ಸೇರಿತು.

ಹೊಲದಿಂದ ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕುಳಿತಿದ್ದಳು. ನನ್ನ ಮಡಿಲಲ್ಲಿ ಒಂದು ಬಾಟಲಿ, ಅದರ ತುಂಬ ಗಡಿಗೆಯಿಂದ ತುಂಬಿಸಿಕೊಂಡ ಅಂಬಲಿ. ಸುಮ್ಮನೆ ಮನೆಗೆ ಒಯ್ಯುತ್ತೇನೆ ಎಂದಿದ್ದೆ.

"ಮುಂದಿನ ತಿಂಗಳ ಸಬ್ಮಿಟ್ ಪಕ್ಕಾ ಅಲ್ರಿ ಮ್ಯಾಡಮ್?" ಎಂದಳು. "ಮನಿಯಾಗ ಎಲ್ಲಾರಿಗೂ ಹೇಳಿಬಿಟ್ಟೀನಿ."

"ನೋಡೂಣು," ಎಂದೆ. ಕಿಟಕಿಯ ಹೊರಗೆ ಜೋಳದ ತೆನೆಗಳನ್ನು ನೋಡುತ್ತ ಕುಳಿತೆ.

ಮರುದಿನವೇ ಮೂರು ಬೇರೆ ಬೇರೆ ಅಂಗಡಿಗಳಿಂದ ಮೂರು ಪಾಕೀಟು ಮೊಸರು ತಂದೆ. ಅಣ್ಣನಿಗೆ ಫೋನ್ ಮಾಡಿ, ಅವತ್ತು ತಂದದ್ದು ಯಾವ ಡೈರಿಯದು ಎಂದು ಏನೋ ನೆಪ ಮಾಡಿ ಕೇಳಿಕೊಂಡಿದ್ದೆ. ಅಕ್ಕಲಕೋಟದ ಅಂಗಡಿಗಳಿಗೆ ಆಗಲೂ ಈಗಲೂ ಬರುವುದು ಒಂದೇ ಡೈರಿಯದು ಎಂದಿದ್ದ; ನಾನು ತಂದ ಮೂರೂ ಅದರವೇ. ಮೊಸರನ್ನೂ ಬಾಟಲಿಯ ಅಂಬಲಿಯನ್ನೂ ಪ್ಲೇಟುಗಳಿಗೆ ಹಾಕಿ, ಮೇಲೆ ‘ಬಿ.ಎಸ್ಸಿ. ಪ್ರಾಕ್ಟಿಕಲ್’ ಎಂದು ಸುಳ್ಳು ಚೀಟಿ ಅಂಟಿಸಿದೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಪ್ಲೇಟಿನ ಮೇಲೆ ಸುಳ್ಳು ಬರೆದದ್ದು ಅದೇ ಮೊದಲು. ಇನ್‌ಕ್ಯುಬೇಟರಿನ ಮೇಲಿನ ಹಲಗೆಯಲ್ಲಿಟ್ಟೆ. ಕೆಳಗಿನ ಹಲಗೆಯಲ್ಲಿ ಪೇಪರಿನಲ್ಲಿ ಸುತ್ತಿ ರಬ್ಬರ್ ಹಾಕಿದ ಪ್ಲೇಟುಗಳ ಗಂಟೊಂದಿತ್ತು. ಯಾರೋ ಎಂ.ಎಸ್ಸಿ. ಮಕ್ಕಳದ್ದಿರಬೇಕು ಎಂದುಕೊಂಡು ಬಾಗಿಲು ಹಾಕಿದೆ. ಅಂದು ಸಂಜೆ ಆ ಬಾಗಿಲು ಮುಚ್ಚಿದೆನೋ ಇಲ್ಲವೋ ಎಂದು ಮನೆಯಿಂದ ತಿರುಗಿ ಬಂದು ನೋಡಿದೆ.

ವಿದ್ಯಾರ್ಥಿನಿಯನ್ನು ತಡೆದಿಡಲು ನೆಪಗಳು ಬೇಕಾದವು. ಗ್ರಂಥಸೂಚಿಯಲ್ಲಿ ಅಲ್ಪವಿರಾಮಗಳು ಸರಿಯಿಲ್ಲ ಎಂದೆ. ಅವಳು ಎರಡು ದಿನ ಕುಳಿತು ತಿದ್ದಿ ತಂದಳು. ಫೋಟೋಗಳು ಮಸುಕಾಗಿವೆ ಎಂದೆ. ಹೊಸದಾಗಿ ತೆಗೆದು ತಂದಳು. ಪುಟದ ಅಂಚು ಕಡಿಮೆಯಾಗಿದೆ ಎಂದಾಗ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ "ಆಗ್ಲಿ ಮ್ಯಾಡಮ್" ಎಂದು ಕಟ್ಟನ್ನು ಬಟ್ಟೆಯ ಪಿಶವಿಗೆ ಹಾಕಿಕೊಂಡು ಬಸ್ಸಿಗೆ ಹೋದಳು. ಅವಳ ಬೆನ್ನು ನೋಡಿ ನನ್ನ ಮೇಲೆಯೇ ಅಸಹ್ಯವಾಯಿತು.

ಬೆಳೆದ ಬ್ಯಾಕ್ಟೀರಿಯಾಗಳಿಂದ ಡಿಎನ್‌ಎ ತೆಗೆದು, ಫ್ರೀಜರಿನಲ್ಲಿದ್ದ ಹದಿನೇಳನೆಯದರ ಪಕ್ಕದಲ್ಲಿಟ್ಟು ಹೋಲಿಸಿ ನೋಡಿದೆ. ಈ ಪರೀಕ್ಷೆಯಲ್ಲಿ ಪ್ರತಿಯೊಂದು ತಳಿಗೂ ಅದರದೇ ಅಡ್ಡಗೆರೆಗಳು ಮೂಡುತ್ತವೆ. ಮೂರು ಪಾಕೀಟುಗಳಲ್ಲೂ ಇದ್ದ ಒಂದು ಬ್ಯಾಕ್ಟೀರಿಯಾ ಹದಿನೇಳಕ್ಕೆ ಗೆರೆಗೆ ಗೆರೆ ಹೊಂದಿತು. ಮನೆಯ ಅಂಬಲಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳು ತುಂಬಿದ್ದವು, ಹದಿನೇಳರ ಸುಳಿವೂ ಇರಲಿಲ್ಲ. ನನ್ನ ಹದಿನೇಳರ ಊರು ಚಪಳಗಾಂವವಲ್ಲ. ಅದು ಡೈರಿಯಿಂದ ಬಂದದ್ದು. ಯಾವ ಅಂಗಡಿಯಲ್ಲಾದರೂ ಸಿಗುವಂಥದ್ದು.

ಆಗಲೇ ವಿದ್ಯಾರ್ಥಿನಿಗೆ ಹೇಳಿಬಿಟ್ಟೆ ಎಂದು ಬರೆಯಲು ಆಸೆಯಿದೆ. ಹೇಳಲಿಲ್ಲ. ಇನ್ನೂ ಏಳೆಂಟು ದಿನ ಸುಮ್ಮನಿದ್ದೆ. ಆ ದಿನಗಳಲ್ಲಿ ನನ್ನ ತಲೆ ಮಾಡಿದ ವಕೀಲಿ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಹದಿನೇಳು ಬೂಷ್ಟು ತಡೆಯುವುದಂತೂ ಸುಳ್ಳಲ್ಲವಲ್ಲ? ಯಾವ ಪರೀಕ್ಷಕ ಚಪಳಗಾಂವಕ್ಕೆ ಹೋಗಿ ಅವ್ವನನ್ನು ಕೇಳುತ್ತಾನೆ? ಅವ್ವನಿಗೆ ವಯಸ್ಸಾಗಿದೆ, ನಾಳೆ ಅವಳಿಗೇ ಈ ಮಾತು ನೆನಪಿರುವುದಿಲ್ಲ. ಈ ಹೆಣ್ಣುಮಗಳ ಆರು ವರ್ಷ ಹಾಳು ಮಾಡುವ ಹಕ್ಕು ನನಗೇನಿದೆ? ಕೊನೆಯದೇ ಎಲ್ಲಕ್ಕಿಂತ ಸವಿಯಾದ ನೆಪ, ಯಾಕೆಂದರೆ ಅದರಲ್ಲಿ ನಾನು ದೊಡ್ಡ ಮನಸ್ಸಿನವಳಾಗಿ ಕಾಣುತ್ತಿದ್ದೆ. ನಿಜವಾಗಿ ನನಗೆ ಭಯವಿದ್ದದ್ದು ನನ್ನ ಹೆಸರಿನದು. ಆ ಹದಿನೇಳರ ಬಗ್ಗೆ ಲೇಖನ ಬರೆದವಳು ನಾನು, ಸಭೆಗಳಲ್ಲಿ ‘ನನ್ನವ್ವನ ಗಡಿಗೆ’ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದವಳು ನಾನು. ಊಟ ರುಚಿಸುತ್ತಿರಲಿಲ್ಲ. ಗಂಡ ಎರಡು ಸಲ, "ಮೈಯಾಗ ಬರೋಬರಿ ಅದ ಇಲ್ಲೊ? ದವಾಖಾನಿಗಿ ಹೋಗೂಣೇನು?" ಎಂದು ಕೇಳಿದ.

ಒಂದು ಮಧ್ಯಾಹ್ನ ಅವಳು ಪ್ರಬಂಧದ ಮೊದಲ ಹಾಳೆಗಳನ್ನು ತಂದಳು. ಕೃತಜ್ಞತೆಯ ಪುಟದಲ್ಲಿ ‘ಅಂಬಲಿ ಕೊಟ್ಟ ಚಪಳಗಾಂವದ ಆಯಿಗೆ’ ಎಂಬ ಸಾಲಿತ್ತು. ಅದರ ಕೆಳಗೆ ಪ್ರಮಾಣಪತ್ರ. ಈ ಪ್ರಬಂಧದಲ್ಲಿರುವುದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ ಎಂದು ಮಾರ್ಗದರ್ಶಕರು ಸಹಿ ಮಾಡುವ ಹಾಳೆ ಅದು. ಅವಳು ಟೇಬಲ್ಲಿನ ಮೇಲೆ ಹಾಳೆಯಿಟ್ಟು, ಪೆನ್ನಿನ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟಳು.

"ಸಹಿ ಮಾಡ್ರಿ ಮ್ಯಾಡಮ್," ಎಂದಳು. ನನ್ನ ಮುಖ ನೋಡಲಿಲ್ಲ.

ಪೆನ್ನು ಎತ್ತಿಕೊಂಡೆ. ಮತ್ತೆ ಕೆಳಗಿಟ್ಟೆ. "ಕುಂದ್ರು," ಎಂದೆ.

ಎಲ್ಲ ಹೇಳಿದೆ. ಅವ್ವನ ಮಾತು, ಮೂರು ಪಾಕೀಟು, ಸುಳ್ಳು ಚೀಟಿ, ಗೆರೆಗಳು. ಹೇಳುವಾಗ ನೀರು ಕುಡಿಯಲು ಎರಡು ಸಲ ನಿಂತೆ. ಮುಗಿದ ಮೇಲೆ ಅವಳು ಎದ್ದು ಇನ್‌ಕ್ಯುಬೇಟರಿನ ಕೋಣೆಗೆ ಹೋಗಿ, ಕೆಳಗಿನ ಹಲಗೆಯಲ್ಲಿದ್ದ ಪೇಪರಿನ ಗಂಟು ತಂದು ನನ್ನ ಮುಂದಿಟ್ಟಳು. ಅದು ಎಳ್ಳಮಾವಾಸ್ಯೆಯ ಮರುದಿನದ ಮರಾಠಿ ಪೇಪರು. ಬಿಚ್ಚಿದರೆ ಒಳಗೆ ಅದೇ ಡೈರಿಯ ಮೊಸರಿನಿಂದ ಬೆಳೆಸಿದ ಪ್ಲೇಟುಗಳು, ಪ್ರತಿಯೊಂದರ ಮೇಲೂ ಅವಳ ದುಂಡು ಅಕ್ಷರದಲ್ಲಿ ನಿಜವಾದ ಹೆಸರು. ಒಂದು ಕಡೆಯಿಂದ ಬೂಷ್ಟು, ಇನ್ನೊಂದು ಕಡೆ ಮೊಸರಿನ ಬ್ಯಾಕ್ಟೀರಿಯಾದ ಗೆರೆ, ನಡುವೆ ಬೆರಳಗಲ ಸ್ವಚ್ಛ ಜಾಗ.

"ಅವತ್ತ ನಿಂಗ ಕೇಳಿಸಿತ್ತೇನು?" ಎಂದೆ.

"ಬಾಜೂಕ ಕುಂತಿದ್ದೆ ಅಲ್ರಿ ಮ್ಯಾಡಮ್."

"ಮತ್ತ ನಂಗ್ಯಾಕ ಹೇಳ್ಲಿಲ್ಲ?"

"ನೀವ್ಯಾಕ ಹೇಳ್ಲಿಲ್ರಿ?"

ಆರು ವರ್ಷದಲ್ಲಿ ಅವಳು ನನಗೆ ಎದುರಾಡಿದ್ದು ಅದೊಂದೇ ಸಲ. ದನಿ ಏರಿಸಲಿಲ್ಲ. ಪ್ಲೇಟುಗಳನ್ನು ಮತ್ತೆ ಪೇಪರಿನಲ್ಲಿ ಸುತ್ತುತ್ತ ಮುಂದುವರಿಸಿದಳು. "ಅಲ್ಪವಿರಾಮ ತಿದ್ದು ಅಂದ್ರಿ, ತಿದ್ದಿದೆ. ಫೋಟೊ ಅಂದ್ರಿ, ತಂದೆ. ಇವತ್ತ ಹೇಳ್ತಾರ, ನಾಳಿ ಹೇಳ್ತಾರ ಅಂತ ಹಾದಿ ನೋಡಿದೆ. ಇವತ್ತ ನೀವು ಸಹಿ ಮಾಡಿಬಿಟ್ಟಿದ್ರ ನಾ ಏನ್ ಮಾಡ್ತಿದ್ದೆ ಅಂತ ನಂಗೂ ಗೊತ್ತಿಲ್ರಿ. ಸುಮ್ಮ ತಗೊಂಡು ಹೋಗ್ತಿದ್ನೇನೋ. ಅದಕ್ಕ ಬಾಳ ಅಂಜಿಕಿ ಬಂದಿತ್ತು."

ನಾನು ಅತ್ತೆ. ಅವಳು ಅಳಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಗಡಿಯಾರ ನೋಡಿದಳು.

ಯೂನಿವರ್ಸಿಟಿಗೆ ಅರ್ಜಿ ಬರೆದು ಒಂದು ವರ್ಷದ ಅವಧಿ ಕೇಳಿದೆವು. ಪ್ರಬಂಧದ ಹೆಸರು ಬದಲಾಗಬೇಕು, ಎರಡು ಅಧ್ಯಾಯ ಹೋಗಬೇಕು, ಮನೆಯ ಅಂಬಲಿಯಲ್ಲಿ ನಿಜವಾಗಿ ಏನಿದೆ ಎಂದು ಮೊದಲಿನಿಂದ ನೋಡಬೇಕು. ಅಲ್ಲೇನೂ ಸಿಗದೆಯೂ ಹೋಗಬಹುದು. ಲೇಖನ ಪ್ರಕಟಿಸಿದ ಪತ್ರಿಕೆಗೂ ತಿದ್ದುಪಡಿ ಕಳಿಸಿದೆ. ಅರ್ಜಿಯಲ್ಲಿ ಕಾರಣದ ಕಾಲಮ್ಮಿನಲ್ಲಿ ಮೊದಲು ‘ಮಾದರಿ ಕೊಟ್ಟವರ ತಪ್ಪು ಮಾಹಿತಿಯಿಂದ’ ಎಂದು ಬರೆದಿದ್ದೆ. ಅವಳು ಅದನ್ನು ಓದಿ ಸುಮ್ಮನೆ ನನಗೇ ತಿರುಗಿ ಕೊಟ್ಟಳು. ನಾನು ಹೊಡೆದುಹಾಕಿ, ‘ಮಾದರಿ ತಯಾರಾಗುವುದನ್ನು ಮಾರ್ಗದರ್ಶಕರು ನೋಡದೆ ದಾಖಲಿಸಿದ್ದರಿಂದ’ ಎಂದು ಬರೆದೆ. ಮಂದ್ರೂಪದ ಮನೆಯಲ್ಲಿ ಅವಳು ಏನು ಹೇಳಿದಳೋ, ಎಷ್ಟು ಮಾತು ಕೇಳಿದಳೋ, ನನಗೆ ಹೇಳಲಿಲ್ಲ. ನಾನೂ ಕೇಳುವ ಧೈರ್ಯ ಮಾಡಲಿಲ್ಲ.

ಆ ಭಾನುವಾರ ಇಬ್ಬರೂ ಚಪಳಗಾಂವಕ್ಕೆ ಹೋದೆವು. ಅಂಬಲಿ ಮಾಡುವುದನ್ನು ಕಣ್ಣೆದುರು ನೋಡಿ ಬರೆದುಕೊಳ್ಳುವುದು, ಮರುದಿನ ಅದನ್ನು ತರುವುದು ನಮ್ಮ ಯೋಜನೆ. ಅವ್ವ ಒಲೆಯ ಮುಂದೆ ಕುಳಿತಿದ್ದಳು. ವಿದ್ಯಾರ್ಥಿನಿ ನೋಟ್‌ಬುಕ್ಕು ಹಿಡಿದು ಪಕ್ಕದಲ್ಲಿ ಕುಳಿತಳು. ನಾನು ಬಾಗಿಲಲ್ಲಿ ನಿಂತೆ.

"ದಿನಾ ಮಾಡ್ದಂಗ ಮಾಡವ್ವ," ಎಂದೆ. "ಏನೂ ಚಲೋ ಮಾಡಾಕ ಹೋಗಬ್ಯಾಡ."

ಅವ್ವ ಹಿಟ್ಟಿನ ಡಬ್ಬಿ ತೆಗೆದಳು, ಮತ್ತೆ ಮುಚ್ಚಿದಳು. ಗಡಿಗೆಯನ್ನು ಹತ್ತಿರ ಎಳೆದುಕೊಂಡು ಸೆರಗಿನಿಂದ ಅದರ ಬಾಯಿ ಒರೆಸಿದಳು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು. ಆಮೇಲೆ ತಲೆಯೆತ್ತದೆ ಹೇಳಿದಳು, "ನೀ ಹೊರಗ ಕುಂದ್ರ ಹೋಗು."

"ಯಾಕ?"

"ನೀ ನೋಡಾಕತ್ರ ನಂಗ ಕೈ ಆಡೂದಿಲ್ಲ. ಗಡಿಗಿ ಮೂಸ್ತಿ, ನೀರ ಕಾಸಿದ್ಯೊ ಇಲ್ಲೊ ಅಂತಿ, ಅರಿವಿ ತಗಿ ಅಂತಿ. ದೊಡ್ಡ ಮಂದೀನ ನಾ ಎಲ್ಲಿ ನೋಡೀನವ್ವ. ಅವತ್ತ ಪಾಕೀಟ್ ತರಿಸಿದ್ದು ನಿನ್ನ ಅಂಜಿಕಿಗೇ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಏಳು ವರ್ಷದ ಕೆಲಸದಲ್ಲಿ ಎಲ್ಲಿ ತಪ್ಪು ಸೇರಿಕೊಂಡಿತು ಎಂದು ಮೂರು ವಾರ ಅಂಗಡಿ, ಡೈರಿ, ಡಬ್ಬಿ, ಬಸ್ಸು ಎಲ್ಲ ಹುಡುಕಿದ್ದೆ. ನನ್ನ ಮೂಗಿನ ಕಡೆ ನೋಡಿರಲಿಲ್ಲ.

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಒಳಗಿನಿಂದ ಹಿಟ್ಟು ಕಲಸುವ ಸದ್ದು, ನೀರು ಹೊಯ್ಯುವ ಸದ್ದು ಕೇಳುತ್ತಿತ್ತು. ನೀರು ಕಾಸಿದ್ದೋ, ಹಾಗೇ ಕೊಡದಿಂದ ಹೊಯ್ದದ್ದೋ ತಿಳಿಯಲಿಲ್ಲ. ಎದ್ದು ಹೋಗಿ ನೋಡಬೇಕೆಂದು ಕಾಲು ಎರಡು ಸಲ ಎದ್ದಿತು, ಎರಡು ಸಲವೂ ಕೂರಿಸಿಕೊಂಡೆ. ಅವ್ವ ಏನೋ ಹೇಳಿದಳು, ಇಬ್ಬರೂ ನಕ್ಕರು. ಅವ್ವ ಅಡುಗೆಮನೆಯಲ್ಲಿ ನಕ್ಕದ್ದನ್ನು ನಾನು ಕೇಳಿ ಎಷ್ಟು ವರ್ಷವಾಗಿತ್ತೋ.

ಮರುದಿನ ಲ್ಯಾಬಿಗೆ ಡಬ್ಬಿ ಹೊತ್ತು ತಂದೆ. ವಿದ್ಯಾರ್ಥಿನಿ ನೋಟ್‌ಬುಕ್ಕು ತೆರೆದಿಟ್ಟಳು. ಎಷ್ಟು ಹಿಡಿ ಹಿಟ್ಟು, ಯಾವ ಕೊಡದ ನೀರು, ಯಾವ ದಿನದ ಮಜ್ಜಿಗೆ, ಅರಿವೆ ಯಾವ ಹಳೆಯ ಸೀರೆಯದು, ಎಲ್ಲ ಬರೆದಿದ್ದಳು. ಕೆಳಗೆ ‘ಕಣ್ಣಾರೆ ನೋಡಿದವರು’ ಎಂದಿದ್ದಲ್ಲಿ ಅವಳ ಸಹಿ ಇತ್ತು. ಪಕ್ಕದಲ್ಲಿ ನನಗಾಗಿ ಜಾಗ ಬಿಟ್ಟಿದ್ದಳು. ನಾನು ಅಲ್ಲಿ ‘ಡಬ್ಬಿ ತಂದವರು’ ಎಂದು ಬರೆದು, ಅದರ ಕೆಳಗೆ ಸಹಿ ಮಾಡಿದೆ.